ಬೊಟ್ಟಿಲ್ಲದ ಡಿಸ್ಕ್

"ಇನ್ನೂ ಎಷ್ಟು ಹೊತ್ತು ಅದರ ಮುಖ ನೋಡ್ತಾ ಕೂತ್ಕೊಳ್ತೀ ಮಗಾ? ಅದು ಬಾಯಿ ಬಿಡುವ ಹಾಗೆ ಕಾಣುವುದಿಲ್ಲ."

ಸೇಸಮ್ಮ ಹೇಳಿದ್ದು ಮೇಜಿನ ಮೇಲಿನ ಕಂಪ್ಯೂಟರಿನ ಬಗ್ಗೆ. ವಿಜೇತಾಳಿಗೆ ಅದು ತನ್ನ ಬಗ್ಗೆಯೇ ಹೇಳಿದ ಹಾಗೆ ಚುಚ್ಚಿತು.

ಬೆಳ್ತಂಗಡಿಯ ಆ ಶಾಲೆಗೆ ಭಾನುವಾರದ ರಜೆ. ಕಂಪ್ಯೂಟರ್ ಕೋಣೆಯಲ್ಲಿ ಇದ್ದದ್ದು ಅವರಿಬ್ಬರೇ. ಮುದುಕಿ ಕಿಟಕಿಯ ಕಟ್ಟೆಯ ಮೇಲೆ ಕೊಡೆ ಹಿಡಿದು ಕೂತಿದ್ದಳು. ಕೊಕ್ಕಡದಿಂದ ಬೆಳಗ್ಗಿನ ಬಸ್ಸಿಗೇ ಹೊರಟು ಬಂದವಳು, ಚಹಾ ಬೇಕಾ ಎಂದರೆ ಬೇಡ, ಊಟ ಬೇಕಾ ಎಂದರೆ ಬೇಡ. ಮೊಮ್ಮಗ ಜೈಲಿನಲ್ಲಿ ಕೂತಿರುವಾಗ ಗಂಟಲಲ್ಲಿ ಏನು ತಾನೇ ಇಳಿದೀತು?

ಕೊಕ್ಕಡದ ರಬ್ಬರ್ ಗೋದಾಮಿಗೆ ಕನ್ನ ಹಾಕಿ, ಅಡ್ಡ ಬಂದ ಕಾವಲುಗಾರ ಮಾಯಿಲಪ್ಪನ ಮೇಲೆ ಹತ್ತಿಸಿಕೊಂಡು ಹೋದ ಪಿಕಪ್ ಆ ಮೊಮ್ಮಗ ಮನ್ವಿತನದು. ಅದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಗಾಡಿಯಲ್ಲಿ ತಾನಿರಲಿಲ್ಲ, ತಾನು ಅದೇ ಹೊತ್ತಿಗೆ ಧರ್ಮಸ್ಥಳ ರಸ್ತೆಯ ಮೆಹಂದಿ ಮನೆಯಲ್ಲಿ ಪಂಕ್ತಿಗೆ ಬಡಿಸುತ್ತಿದ್ದೆ ಎನ್ನುತ್ತಾನೆ ಮನ್ವಿತ.

ಕೀ? ಕೀ ಗಾಡಿಯಲ್ಲೇ ಇತ್ತು ಎನ್ನುತ್ತಾನೆ. ಪೊಲೀಸರು ನಕ್ಕರು. ಈ ಕಡೆಯವರು ಯಾರೂ ನಗಲಿಕ್ಕಿಲ್ಲ. ಕಾರ್ಯದ ಮನೆಯ ಅಂಗಳದಲ್ಲಿ ಗಾಡಿಗೆ ಗಾಡಿ ತಾಗಿಸಿ ನಿಲ್ಲಿಸಿದ ಮೇಲೆ ಕೀ ಕಿಸೆಯಲ್ಲಿಟ್ಟುಕೊಂಡು ಊಟಕ್ಕೆ ಕೂರುವವನನ್ನು ಮೈಕಿನಲ್ಲಿ ಹೆಸರು ಹಿಡಿದು ಕರೆದು ಮಾನ ಕಳೆಯುತ್ತಾರೆ. ಯಾರಿಗೆ ಬೇಕಾದರೂ ಹಿಂದೆ ಮುಂದೆ ಮಾಡಲಿ ಎಂದು ಕೀ ಬಿಟ್ಟೇ ಹೋಗುವುದು ವಾಡಿಕೆ.

ಆ ಅಂಗಳದ ಮೂಲೆಯಲ್ಲಿ ಮೂಡುಬಿದಿರೆಯ ಶೋಧನನ ಸ್ಟುಡಿಯೊದವರ ಒಂದು ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ನಿಂತು ಸಂಜೆಯಿಡೀ ಓಡುತ್ತಿತ್ತು. ಬಂದ ಗಾಡಿ, ಹೋದ ಗಾಡಿ, ಹತ್ತಿದವರು, ಇಳಿದವರು ಎಲ್ಲ ಅದರಲ್ಲಿ ಇರಲೇಬೇಕು. ಆ ವಿಡಿಯೊ ತುಂಬಿದ್ದು ಈ ಹಳೆಯ ವರ್ಕ್‌ಸ್ಟೇಷನ್ನಿಗೆ. ಪೊಲೀಸರು ಕೇಳಿದಾಗ ವಿಡಿಯೊ ಇಲ್ಲ ಎಂದಿದ್ದ ಶೋಧನ, ಆಮೇಲೆ ಹೊಸದು ಕೊಂಡು ಇದನ್ನು ಶಾಲೆಗೆ ದಾನ ಕೊಟ್ಟ. ಶಾಲೆಯವರು ಮಕ್ಕಳಿಗೆ ಅನುಕೂಲವಾಗುವ ಹಾಗೆ ಮಾಡಿಕೊಡಿ ಎಂದರು. ಮೇಲ್ನೋಟಕ್ಕೆ ಖಾಲಿ ಕಂಡ ಡಿಸ್ಕನ್ನು ಪೂರ್ತಿ ಅಳಿಸಿ ಲಿನಕ್ಸ್ ಹಾಕಿಕೊಟ್ಟವಳು ಪಾಣೆಮಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿರುವ ಇದೇ ವಿಜೇತಾ.

ಅದೂ ಎಂಥ ಹೆಮ್ಮೆಯಿಂದ! ಹಳೇ ಯಂತ್ರ, ದುಡ್ಡು ಕೊಡಬೇಕಾಗಿಲ್ಲದ ವ್ಯವಸ್ಥೆ, ಮಕ್ಕಳು ಹಾಳು ಮಾಡಿದರೂ ಮತ್ತೆ ಹಾಕಬಹುದು ಎಂದು ಹೆಡ್‌ಮಾಸ್ಟರಿಗೆ ಭಾಷಣವನ್ನೇ ಬಿಗಿದಿದ್ದಳು. 'ಇಡೀ ಡಿಸ್ಕ್ ಅಳಿಸಲೇ?' ಎಂದು ಪರದೆ ಕೇಳಿದಾಗ ಒಂದು ಕೈಯಲ್ಲಿ ಚಹಾ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಹೌದು ಎಂದು ಒತ್ತಿದ್ದಳು. ಕಳ್ಳರು, ವಂಚಕರು ಅಳಿಸಿದ್ದನ್ನು ಹುಡುಕಿಕೊಡಿ ಎಂದು ವಕೀಲರು ಕರೆಯುವುದು ಇವಳನ್ನೇ. ಈಗ ಅಳಿಸಿದ್ದು ಯಾರು? ಇವಳೇ. ಆ ಚಹಾದ ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತಿತ್ತು.

"ನಿಮ್ಮ ಹುಡುಗನನ್ನು ನಾನೇ ಮುಳುಗಿಸಿದೆ ಅಜ್ಜಿ" ಎಂದಳು.

"ನೀನು ಬೇಕಂತ ಮಾಡಿದ್ದಾ? ಇಲ್ಲ ಅಲ್ವಾ? ಮತ್ತೆಂತ" ಎಂದಳು ಸೇಸಮ್ಮ. ಬೈದಿದ್ದರೆ ಚೆನ್ನಾಗಿತ್ತು. ಬೈಯದವರ ಎದುರು ತಲೆ ಎತ್ತುವುದು ಹೇಗೆ?

ಬೆಳಗ್ಗಿನಿಂದ ಡಿಸ್ಕನ್ನು ಜಾಲಾಡಿದ್ದಾಗಿತ್ತು. ಬಂದದ್ದು ಒಂದಷ್ಟು ಒಡೆದ ಫೋಟೊಗಳು ಮಾತ್ರ. ಪಾಸ್‌ಪೋರ್ಟ್ ಅಳತೆಯವು. ಮೇಲ್ಗಡೆ ಕೂದಲು, ಹಣೆ, ಹಿಂದೆ ನೇರಳೆ ಹೂವಿನ ಬಟ್ಟೆಯ ಒಂದು ತುಂಡು. ಅದರ ಕೆಳಗೆಲ್ಲ ಬೂದಿ ಬಣ್ಣ. ಮದುವೆಯೂ ಇಲ್ಲ, ಮೆಹಂದಿಯೂ ಇಲ್ಲ, ಒಂದು ವಿಡಿಯೊದ ಚೂರೂ ಇಲ್ಲ.

ಇದೇ ಅವಳಿಗೆ ಸರಿ ಕಾಣಲಿಲ್ಲ. ಲಿನಕ್ಸ್ ಕೂತದ್ದು ಡಿಸ್ಕಿನ ಒಂದು ಮೂಲೆಯಲ್ಲಿ. ಉಳಿದ ಜಾಗ ಮುಟ್ಟಿಯೂ ಇಲ್ಲ. ವರ್ಷಗಟ್ಟಲೆ ಮದುವೆ ವಿಡಿಯೊ ತುಂಬಿಸಿದ ಡಿಸ್ಕಿನಲ್ಲಿ ಒಂದು ತಾಳಿ, ಒಂದು ಆರತಿ, ಒಂದು ಕುಣಿತವಾದರೂ ಉಳಿಯಬೇಡವೇ?

ಫೋನು ಬಂತು. ಮನ್ವಿತನ ವಕೀಲೆ ಶಶಿಪ್ರಭಾ.

"ಎಂತಾಯ್ತು ಮಗಾ?"

"ಎಂತದೂ ಸಿಗ್ಲಿಲ್ಲ ಮೇಡಂ. ಇನ್ನೂ ನೋಡ್ತಾ ಇದ್ದೇನೆ."

"ಸಾಕು ಬಿಡು, ಕಣ್ಣು ಹಾಳು ಮಾಡ್ಕೊಳ್ಬೇಡ. ಡಿಸ್ಕ್ ಪೂರ್ತಿ ಅಳಿಸಿ ಹೋಗಿದೆ, ಏನೂ ಸಿಗುವುದಿಲ್ಲ ಅಂತ ಒಂದು ಮಾತು ಬರೆದು ಕೊಡು. ನಾಳೆ ಜಾಮೀನಿನ ವಿಚಾರಣೆ ಉಂಟು. ನಾನು ಬೇರೆ ದಾರಿ ನೋಡ್ತೇನೆ. ನಿನ್ನದೇನೂ ತಪ್ಪಿಲ್ಲ ಆಯ್ತಾ?"

ಎಷ್ಟು ದೊಡ್ಡ ಮನಸ್ಸು ಎಂದು ವಿಜೇತಾಳ ಕಣ್ಣು ತುಂಬಿತು.

"ದೇವರ ಹಾಗೆ ಬಂದವರು ಅವರು" ಎಂದಳು ಸೇಸಮ್ಮ. "ನಾವು ವಕೀಲರನ್ನು ಹುಡುಕುವ ಮೊದಲೇ ಮನೆಗೆ ಬಂದು ಕೇಸು ನಾನು ನೋಡ್ತೇನೆ ಅಂದ್ರು."

ವಿಜೇತಾ ಎದ್ದು ಯಂತ್ರದ ಪಕ್ಕದ ಮುಚ್ಚಳ ಬಿಚ್ಚಿದಳು. ಕೊನೆಯ ಆಸೆ, ಒಳಗೆ ಇನ್ನೊಂದು ಡಿಸ್ಕ್ ಏನಾದರೂ ಇದ್ದರೆ? ಲಿನಕ್ಸ್ ಹಾಕುವಾಗ ಅವಳು ಮುಚ್ಚಳ ತೆರೆದಿರಲೇ ಇಲ್ಲ. ಪೆನ್‌ಡ್ರೈವ್ ಚುಚ್ಚಿ ಕೆಲಸ ಮುಗಿಸಿದ್ದಳು. ಅವಳ ತಮ್ಮ ರಂಜಿತ್ ಮತ್ತು ಅವನ ಜೊತೆಗಾರ ಉಜ್ವಲ್, ಅದೇ ಶಶಿಪ್ರಭಾ ಮೇಡಂ ಮಗ, ಮೂಡುಬಿದಿರೆಗೆ ಹೋಗಿ ಓಮ್ನಿಯಲ್ಲಿ ಇದನ್ನು ಹೇರಿಕೊಂಡು ಬಂದಿದ್ದರು. "ಧೂಳೆಲ್ಲ ಊದಿಸಿದ್ದೇನೆ ಅಕ್ಕ, ಬಿಚ್ಚುವುದು ಬೇಡ" ಎಂದಿದ್ದ ರಂಜಿತ್.

ಇನ್ನೊಂದು ಡಿಸ್ಕ್ ಇರಲಿಲ್ಲ. ಆದರೆ ಇನ್ನೊಂದು ಸಂಗತಿ ಇತ್ತು.

ಫ್ಯಾನಿನ ಚೌಕಟ್ಟಿಗೆ ಗಂಧ, ಅದರ ಮೇಲೆ ಕುಂಕುಮ. ಡಿವಿಡಿಯ ಪೆಟ್ಟಿಗೆಗೆ ಗಂಧ ಕುಂಕುಮ. ಪವರ್ ಸಪ್ಲೈಗೂ ಒಂದು ಬೊಟ್ಟು. ಆಯುಧ ಪೂಜೆಯ ದಿನ ಮುಚ್ಚಳ ತೆಗೆದು, ಒಳಗಿನ ಪ್ರತಿಯೊಂದಕ್ಕೂ ಯಾರೋ ಪ್ರೀತಿಯಿಂದ ಬೊಟ್ಟಿಟ್ಟಿದ್ದರು. ಒಣಗಿ ಕಂದು ಬಣ್ಣಕ್ಕೆ ತಿರುಗಿದರೂ ಎಲ್ಲ ಹಾಗೆಯೇ ಇತ್ತು.

ಡಿಸ್ಕಿಗೆ ಮಾತ್ರ ಬೊಟ್ಟಿಲ್ಲ.

ಬೆರಳಿನಿಂದ ಸವರಿದಳು. ಒರೆಸಿದ ಗುರುತೂ ಇಲ್ಲ. ಬೊಟ್ಟಿಡುವ ದಿನ ಈ ಡಿಸ್ಕ್ ಈ ಯಂತ್ರದಲ್ಲಿ ಇರಲೇ ಇಲ್ಲ.

"ಅಜ್ಜಿ" ಎಂದಳು. "ನಾನು ಅಳಿಸಿದ್ದು ನಿಮ್ಮ ಹುಡುಗನ ಡಿಸ್ಕ್ ಅಲ್ಲ. ಯಾರೋ ಮೊದಲೇ ಬದಲಾಯಿಸಿದ್ದಾರೆ. ನಿಜವಾದದ್ದು ಎಲ್ಲೋ ಉಂಟು."

ಸೇಸಮ್ಮ ಕೊಡೆಯನ್ನು ಎದೆಗೆ ಒತ್ತಿಕೊಂಡಳು. "ಹಾಗಾದರೆ ಹೋಗು ಮಗಾ. ನನ್ನನ್ನು ಬಸ್ಸಿಗೆ ಬಿಡ್ಲಿಕ್ಕೆ ಸಹ ನಿಲ್ಬೇಡ."

*

ವೇಣೂರು ದಾಟಿ ಮೂಡುಬಿದಿರೆ ಮುಟ್ಟುವವರೆಗೂ ವಿಜೇತಾ ಸ್ಕೂಟರಿನ ಮೇಲೆ ಒಬ್ಬಳೇ ಜಗಳವಾಡುತ್ತಲೇ ಬಂದಳು. ಶೋಧನನಿಗೆ ಏನೇನು ಹೇಳಬೇಕು ಎಂದು ಮಾತು ಜೋಡಿಸಿ ಜೋಡಿಸಿ ಕೋಪ ಕಾಯಿಸಿಕೊಂಡಿದ್ದಳು. ಮನ್ವಿತನನ್ನು ಬಲಿ ಕೊಟ್ಟದ್ದಲ್ಲದೆ ತನ್ನ ತಲೆಗೂ ಕಟ್ಟಿದನಲ್ಲ!

ಸ್ಟುಡಿಯೊ ಅವನ ಮನೆಯ ಜಗಲಿಗೆ ತಾಗಿಯೇ ಇತ್ತು. ಶೋಧನ ಹೊಸ ಯಂತ್ರದ ಮುಂದೆ ಕೂತು ಯಾರದೋ ಮದುಮಗಳ ಗಲ್ಲ ಬೆಳ್ಳಗೆ ಮಾಡುತ್ತಿದ್ದ.

"ಡಿಸ್ಕ್ ಎಲ್ಲಿ ಶೋಧನ್?"

"ಕೂತ್ಕೊಳ್ಳಿ ವಿಜೇತಕ್ಕ. ಎಂತ ಡಿಸ್ಕ್?"

"ಶಾಲೆಗೆ ಕೊಟ್ಟದ್ದರಲ್ಲಿ ಇದ್ದದ್ದು. ಬೊಟ್ಟಿಟ್ಟದ್ದು. ಅದನ್ನು ತೆಗೆದು ಯಾವುದೋ ಗುಜರಿ ಡಿಸ್ಕ್ ತುರುಕಿ ಕಳಿಸಿದ್ರಲ್ಲ, ಅದು."

ಅವನ ಕೈ ಮೌಸಿನ ಮೇಲೆಯೇ ನಿಂತಿತು. "ನಾನು ತೆಗೀಲಿಲ್ಲ."

"ಪೊಲೀಸರಿಗೆ ವಿಡಿಯೊ ಇಲ್ಲ ಅಂದದ್ದು ಯಾರು? ನೀವೇ ಅಲ್ವಾ?"

"ನಾನೇ."

"ಆಗ ಇತ್ತಲ್ಲ?"

ಶೋಧನ ಬಾಗಿಲ ಕಡೆ ನೋಡಿದ. ಆಮೇಲೆ ನೆಲ ನೋಡಿದ. "ಇತ್ತು."

"ಥೂ ನಿಮ್ಮ!" ಎಂದಳು ವಿಜೇತಾ. ಇನ್ನೂ ಕೆಟ್ಟದಾಗಿ ಬೈಯಬೇಕೆಂದಿದ್ದಳು, ನಾಲಗೆ ತಿರುಗಲಿಲ್ಲ.

"ಬೈಯಿರಿ ಮಾರಾಯ್ರೆ, ಬೈಯಿರಿ" ಎಂದ ಅವನು. "ಸ್ಟೇಷನ್ನು, ಕೋರ್ಟು ಅಂತ ಅಲೆದ್ರೆ ಸೀಸನ್ನಿನಲ್ಲಿ ಕೆಲಸ ಯಾರು ಮಾಡುದು? ಅಂಗಳದ ಮೂಲೆಯಲ್ಲಿ ಕುಡಿದವರೆಲ್ಲ ಅದರಲ್ಲಿ ಉಂಟು, ಹೊರಗೆ ಬಿಡ್ಬೇಡ ಅಂತ ಮದುವೆ ಮನೆಯವರು ಬೇರೆ ಹೇಳಿದ್ರು. ಒಂದು ಇಲ್ಲ ಅಂದ್ರೆ ಮುಗೀತಲ್ಲ ಅಂತ ಅಂದುಬಿಟ್ಟೆ. ಆಗ ಇನ್ನೂ ಆ ಹುಡುಗನನ್ನು ಹಿಡಿದಿರ್ಲಿಲ್ಲ. ಹಿಡಿದ ಮೇಲೆ ಹೇಳುವ ಅಂದ್ರೆ ಧೈರ್ಯ ಬರ್ಲಿಲ್ಲ. ಮೊದಲು ಯಾಕೆ ಸುಳ್ಳು ಹೇಳಿದ್ದು ಅಂತ ಕೇಳಿದ್ರೆ?"

ಮದುಮಗಳ ಚಿತ್ರ ಮುಚ್ಚಿ ಮತ್ತೆ ಹೇಳಿದ:

"ಮನ್ವಿತ್ ನನಗೆ ಅವತ್ತು ಬಡಿಸಿದವ ವಿಜೇತಕ್ಕ. ಕ್ಯಾಮೆರಾ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ ಅಂದದ್ದಕ್ಕೆ ಎಲೆ ಸಮೇತ ಅಲ್ಲಿಗೇ ತಂದುಕೊಟ್ಟ. ಅನ್ನ ಇಳಿಯುವಾಗೆಲ್ಲ ಅದೇ ನೆನಪಾಗ್ತದೆ."

ವಿಜೇತಾಳ ಕೋಪ ಅರ್ಧಕ್ಕೆ ಇಳಿಯಿತು. ಇವನೂ ತನ್ನ ಹಾಗೆಯೇ, ಒಂದು ಕ್ಷಣದ ಉದಾಸೀನಕ್ಕೆ ಪ್ರತಿದಿನ ದಂಡ ಕಟ್ಟುತ್ತಿದ್ದ.

"ಹಾಗಾದರೆ ಅಳಿಸಿದ್ದು ನೀವಲ್ವಾ? ನಾನು ಆನ್ ಮಾಡುವಾಗ ಅದರಲ್ಲಿ ವಿಂಡೋಸ್ ಸಹ ಇರ್ಲಿಲ್ಲ. ಪೂರ್ತಿ ಖಾಲಿ. ನೀವೇ ಒರೆಸಿ ಕೊಟ್ಟದ್ದು ಅಂದ್ಕೊಂಡೆ. ಇಲ್ಲದಿದ್ರೆ ನಾನು ಒಂದು ಕಾಪಿ ಇಟ್ಕೊಳ್ಳದೆ ಅಳಿಸುವವಳಲ್ಲ."

"ಖಾಲಿಯಾ? ಹಿಂದಿನ ದಿನ ಅದರಲ್ಲೇ ಒಂದು ಆಲ್ಬಂ ಮಾಡಿ ಮುಗಿಸಿದ್ದೇನೆ! ಹೇಗಿತ್ತೋ ಹಾಗೇ ಕೊಟ್ಟದ್ದು. ಹೇಗೂ ನೀವು ಅಳಿಸ್ತೀರಿ, ನನ್ನ ಕೈಯಿಂದ ಯಾಕೆ ಅಂತ ಬಿಟ್ಟೆ." ಅವನ ಸ್ವರ ಸಣ್ಣದಾಯಿತು. "ನಿಮ್ಮ ಕೈಯಿಂದ ಹೋದ್ರೆ ನನಗೆ ಪಾಪ ಇಲ್ಲ ಅಂತ ಲೆಕ್ಕ ಹಾಕಿದ್ದೆ."

ಅಷ್ಟರಲ್ಲಿ ಅವನ ಅಮ್ಮ ಬೆಲ್ಲದ ಚೂರು, ನೀರು ತಂದಿಟ್ಟು ಅಲ್ಲೇ ನಿಂತರು. ಮಾತು ಅವರ ಕಿವಿಗೂ ಬಿದ್ದಿತ್ತು.

"ಯಾವುದು, ನಾನು ಬೊಟ್ಟಿಟ್ಟ ಡಿಸ್ಕಾ? ಹೋಗುವ ದಿನ ಸಹ ಅದರಲ್ಲೇ ಇತ್ತಲ್ಲ. ನಾನು ಕಣ್ಣಾರೆ ನೋಡಿದ್ದೇನೆ."

"ಎಲ್ಲಿ ನೋಡಿದ್ರಿ ಅಮ್ಮ?"

"ಇಲ್ಲೇ, ಜಗಲಿಯಲ್ಲಿ. ಗಾಡಿಗೆ ಹಾಕುವ ಮೊದಲು ಆ ಹುಡುಗ ಮುಚ್ಚಳ ತೆಗೆದು ಒಳಗೆ ನೋಡಿದ. ನಾನು ಹೇಳಿದೆ, ಮಗಾ, ಅದು ಪೂಜೆ ಆದ ವಸ್ತು, ಎಲ್ಲೆಲ್ಲ ಬಿಸಾಡ್ಬೇಡ, ಕಾಲಡಿಗೆ ಬೀಳ್ಬಾರ್ದು ಅಂತ. ಪಾಪ, ಆಯ್ತಮ್ಮ ಅಂತ ಕೈ ಮುಗಿದ. ಒಳ್ಳೆ ಹುಡುಗ."

"ಯಾವ ಹುಡುಗ?" ಎಂದು ವಿಜೇತಾ ಕೇಳಿದಳು. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನಿಸಿತು.

"ನಿನ್ನ ತಮ್ಮನೇ ಅಲ್ವಾ! ಮತ್ತೆ ಯಾರು?"

ವಿಜೇತಾ ಶೋಧನನ ಕಡೆ ತಿರುಗಿದಳು.

"ಸೀಸನ್ನಿನಲ್ಲಿ ನಿಮಗೆ ಲೈಟು ಹಿಡೀಲಿಕ್ಕೆ ಬರ್ತಾನಲ್ಲ ರಂಜಿತ್, ಅವತ್ತು ಮೆಹಂದಿಗೂ ಬಂದಿದ್ದನಾ?" ಎಂದಳು ಅವಳು.

"ಹೌದು. ಅಂಗಳದ ಕ್ಯಾಮೆರಾ ಅವನೇ ಇಟ್ಟದ್ದು. ಊಟದ ಹೊತ್ತಿಗೆ ಕಾಣಲಿಲ್ಲ. ಐಸ್ ತರ್ಲಿಕ್ಕೆ ಹೋಗಿದ್ದೆ ಅಂದ."

ನೀರಿನ ಲೋಟ ಹಾಗೆಯೇ ಉಳಿಯಿತು.

*

ಸಿದ್ಧಕಟ್ಟೆಯ ತಿರುವುಗಳಲ್ಲಿ ಸ್ಕೂಟರು ತಾನಾಗಿ ಓಡುತ್ತಿತ್ತು. ವಿಜೇತಾಳ ಮನಸ್ಸು ಒಂದೇ ಕಡೆ ಸುತ್ತುತ್ತಿತ್ತು.

ಮಸ್ಕತ್ತಿನಿಂದ ಕೆಲಸ ಬಿಟ್ಟು ಬಂದ ಮೇಲೆ ರಂಜಿತ್ ಮೊದಲಿನ ಹಾಗೆ ಇರಲಿಲ್ಲ. ಊಟಕ್ಕೆ ಕೂತರೆ ಅರ್ಧದಲ್ಲಿ ಏಳುವುದು, ಫೋನು ಬಂದರೆ ಹೊರಗೆ ಹೋಗುವುದು. ಅವಳು ಕೇಳಿದ್ದಳೇ? ಇಲ್ಲ. ಅಂಗಡಿ, ಗಿರಾಕಿ, ಅವರ ಇವರ ಕಂಪ್ಯೂಟರು. ಊರಿನ ಯಂತ್ರಗಳನ್ನೆಲ್ಲ ಬಿಚ್ಚಿ ಒಳಗೆ ನೋಡುವವಳು ಮನೆಯ ತಮ್ಮನನ್ನು ಒಂದು ದಿನ ಕೂರಿಸಿ ಎಂತಾಯ್ತು ಮಾರಾಯ ಎನ್ನಲಿಲ್ಲ.

ಬದಲಾಯಿಸಿದ್ದು ಯಾಕೆ ಎಂಬುದೂ ಈಗ ಹೊಳೆಯಿತು. ಅಕ್ಕ ಕಾಪಿ ಮಾಡದೆ ಅಳಿಸುವುದಿಲ್ಲ, ಕಾಪಿ ಮಾಡುವಾಗ ಒಮ್ಮೆ ನೋಡದೆ ಬಿಡುವುದಿಲ್ಲ ಎಂದು ಅವನಿಗೆ ಗೊತ್ತು.

ಬೆಳಗ್ಗೆ ತನ್ನ ತಪ್ಪಿನ ಭಾರಕ್ಕೆ ಬೆನ್ನು ಬಾಗಿತ್ತು. ಈಗ ಅದೇ ತಪ್ಪು ವಾಪಸು ಬರಬಾರದೇ ಅನಿಸಿತು. ತಾನೇ ಅಳಿಸಿದ್ದಾಗಿದ್ದರೆ! ತಾನೇ ದಡ್ಡಿ ಆಗಿದ್ದರೆ!

ಮನೆ ಮುಟ್ಟುವಾಗ ಪಾಣೆಮಂಗಳೂರಿನ ಸೇತುವೆಯ ಮೇಲೆ ಇಳಿಬಿಸಿಲು. ಅಮ್ಮ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಿದ್ದರು.

"ಬಂದೆಯಾ? ಕಾಲು ತೊಳೆದು ಬಾ. ದೀಪ ನೀನೇ ಹಚ್ಚು ಇವತ್ತು, ನನಗೆ ಮೊಣಕಾಲು ನೋವು."

ಕಾಲು ತೊಳೆದು ಬಂದು ದೇವರ ಕೋಣೆಯ ಪರದೆಗೆ ಕೈ ಹಾಕಿದವಳು ಅಲ್ಲೇ ನಿಂತಳು.

ನೇರಳೆ ಹೂವಿನ ಪರದೆ.

ಅಂಗಡಿ ಹಳೆಯ ಜಾಗದಲ್ಲಿದ್ದಾಗ ಪಾಸ್‌ಪೋರ್ಟ್ ಫೋಟೊ ತೆಗೆಯಲು ಗಿರಾಕಿಗಳ ಹಿಂದೆ ತೂಗುಹಾಕುತ್ತಿದ್ದದ್ದು ಇದನ್ನೇ. ಹಾಳಾಗುವುದು ಬೇಡವೆಂದು ಅಮ್ಮ ತಂದು ಒಗೆದು ಇಲ್ಲಿಗೆ ಹೊಲಿದಿದ್ದರು. ಬಣ್ಣ ಅಷ್ಟು ಮಾಸಿತ್ತು. ಹಣೆಗಳ ಹಿಂದಿನ ಆ ಬಟ್ಟೆಯ ತುಂಡನ್ನು ಬೆಳಗ್ಗೆಯಿಡೀ ಕಣ್ಣೆದುರು ಇಟ್ಟುಕೊಂಡೂ ಅವಳಿಗೆ ಗುರುತು ಸಿಕ್ಕಿರಲಿಲ್ಲ. ಶಾಲೆಯ ಯಂತ್ರದಲ್ಲಿದ್ದ ಬೊಟ್ಟಿಲ್ಲದ ಡಿಸ್ಕ್ ಅವಳ ಅಂಗಡಿಯದ್ದೇ. ಹಳೆ ಯಂತ್ರದಿಂದ ಬಿಚ್ಚಿ ಡ್ರಾವರಿಗೆ ಹಾಕಿಟ್ಟದ್ದು.

ಪರದೆ ಸರಿಸಿದಳು. ದೇವರ ಫೋಟೊಗಳ ಕೆಳಗಿನ ಮಣೆಯ ಮೇಲೆ, ಒಗೆದು ಮಡಚಿದ ಬಿಳಿ ಬಟ್ಟೆಯ ಮೇಲೆ, ಗಂಧ ಕುಂಕುಮದ ಬೊಟ್ಟಿಟ್ಟ ಹಾರ್ಡ್ ಡಿಸ್ಕ್. ಅದರ ಮೇಲೆ ಬೆಳಗ್ಗಿನ ದಾಸವಾಳ.

"ಅಮ್ಮ, ಇದು?"

"ಅದಾ? ರಂಜಿತ್ ತಂದದ್ದು. ನಿನ್ನ ಅಂಗಡಿದ್ದೇ ಅಂದ. ಪೂಜೆ ಆದದ್ದು, ಕಾಲಡಿಗೆ ಬೀಳ್ಬಾರ್ದು ಅಂತ ಇಲ್ಲಿ ಇಟ್ಟ. ನೀರಿಗೆ ಬಿಡುವ ಅಂದವನನ್ನು ನಾನೇ ತಡೆದೆ, ಸಂಕ್ರಮಣ ಕಳೀಲಿ ಅಂತ. ಯಾಕೆ ಮಗಾ, ಬೇಕಿತ್ತಾ?"

ದಿನವೂ ಬೆಳಗ್ಗೆ ಅಂಗಡಿಗೆ ಹೋಗುವ ಅವಸರದಲ್ಲಿ ಪರದೆಯ ಹೊರಗೇ ನಿಂತು ಕೈ ಮುಗಿದು ಓಡುತ್ತಿದ್ದಳು. ಒಂದು ದಿನ ಪರದೆ ಸರಿಸಿದ್ದರೆ ಸೇಸಮ್ಮ ಇಷ್ಟು ದಿನ ಅಲೆಯಬೇಕಿರಲಿಲ್ಲ.

ಡಿಸ್ಕನ್ನು ಎತ್ತಿಕೊಂಡು ತಿರುಗಿದಳು. ಜಗಲಿಯ ಬಾಗಿಲಲ್ಲಿ ರಂಜಿತ್ ನಿಂತಿದ್ದ. ಕೈಯಲ್ಲಿ ಓಮ್ನಿಯ ಕೀ.

"ಸುತ್ತಿಗೆ ಎತ್ತಿದ್ದೆ ಅಕ್ಕ" ಎಂದ. ಕೇಳುವ ಮೊದಲೇ ಹೇಳಿದ. "ಬೊಟ್ಟು ಕಂಡಿತು. ಕೈ ಬರ್ಲಿಲ್ಲ."

"ಮಾಯಿಲಪ್ಪನ ಮೇಲೆ ಗಾಡಿ ಹತ್ತಿಸಿದ್ದು ನೀನಾ?"

"ಅಲ್ಲ."

"ಸುಳ್ಳು ಹೇಳಿದ್ರೆ ಕೆನ್ನೆಗೆ ಬಿಡ್ತೇನೆ ನೋಡು!"

"ಅಕ್ಕ, ನಾನು ಪಕ್ಕದಲ್ಲಿ ಕೂತದ್ದು. ಐಸಿಗೆ ಅಂತ ಕರ್ಕೊಂಡು ಹೋದದ್ದು ನನ್ನನ್ನು. ಗೋದಾಮಿನ ಹತ್ತಿರ ನಿಲ್ಲಿಸಿದ ಮೇಲೆಯೇ ನನಗೆ ಗೊತ್ತಾದದ್ದು. ಆ ಮುದುಕ ಅಡ್ಡ ಬಂದ. ನಿಲ್ಲಿಸು ಮಾರಾಯ, ನಿಲ್ಲಿಸು ಅಂತ ಬೊಬ್ಬೆ ಹೊಡೆದೆ." ಅವನು ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ಅತ್ತುಬಿಟ್ಟ. "ಅವನು ನಿಲ್ಲಿಸ್ಲಿಲ್ಲ."

ಅಮ್ಮ ಬತ್ತಿ ಬಿಟ್ಟು ಇತ್ತ ತಿರುಗಿದರು. "ಎಂತ ಹೇಳ್ತಾ ಇದ್ದೀರಿ ಮಕ್ಕಳೇ ನೀವು?"

"ಯಾರು ರಂಜಿತ್? ಸ್ಟೇರಿಂಗ್ ಹಿಡಿದದ್ದು ಯಾರು?"

ಅವನು ಬಾಯಿ ತೆರೆಯುವ ಮೊದಲು ವಿಜೇತಾಳ ಫೋನು ಬಡಿದುಕೊಂಡಿತು. ಫೋನಿನಲ್ಲಿ ಮೂಡಿದ ಶಶಿಪ್ರಭಾ ಮೇಡಂ ಹೆಸರನ್ನು ಇಬ್ಬರೂ ನೋಡಿದರು.

"ಅವರಿಗೆ ಹೇಳ್ಬೇಡ" ಎಂದ ರಂಜಿತ್. "ಅಕ್ಕ, ನಿನ್ನ ಕಾಲು ಹಿಡಿತೇನೆ. ಅವರಿಗೆ ಮಾತ್ರ ಹೇಳ್ಬೇಡ. ಸ್ಟೇರಿಂಗ್ ಹಿಡಿದದ್ದು ಅವರ ಮಗ ಉಜ್ವಲ್."

ಕೇಸು ಹುಡುಕಿಕೊಂಡು ಸೇಸಮ್ಮನ ಮನೆಗೇ ಹೋದವರು. ಒಂದು ಮಾತು ಬರೆದು ಕೊಡು ಸಾಕು ಎಂದವರು. ನಾಳೆ ಮನ್ವಿತನ ಪರವಾಗಿ ಕೋರ್ಟಿನಲ್ಲಿ ನಿಲ್ಲುವವರು.

ವಿಜೇತಾ ಫೋನನ್ನು ಕಿವಿಗೆ ಹಿಡಿದಳು. ಇನ್ನೊಂದು ಕೈಯಲ್ಲಿ ಡಿಸ್ಕ್ ಇತ್ತು. ಒಣಗಿದ ಕುಂಕುಮ ಬೆವರಿಗೆ ಕರಗಿ ಬೆರಳಿಗೆ ಅಂಟುತ್ತಿತ್ತು.

"ವಿಜೇತಾ?" ಎಂದಿತು ಶಶಿಪ್ರಭಾರ ಅದೇ ತಣ್ಣನೆಯ, ಪ್ರೀತಿಯ ಸ್ವರ. "ಮನೆಗೆ ಬಂದೆಯಾ ಮಗಾ? ಎಂತದೂ ಸಿಗ್ಲಿಲ್ಲ ಅಲ್ವಾ?"